ಸತ್ಯವೇದವನ್ನು ನಾವೇ ಓದಿ ಬದುಕಿಗೆ ತಂದುಕೊಳ್ಳುವ ಬಗೆ: ಯೆರೆಮೀಯನ ಪತ್ರ ಮತ್ತು ಹೊಲದ ಅಂಚು

[ಪರದೆಯ ಮೇಲೆ: ಯೆರೆಮೀಯ 29:11]

ನಮಸ್ಕಾರ. ಮೈಸೂರಿನ ಕ್ರೈಸ್ತ ಮನೆಗಳ ಗೋಡೆಯ ಮೇಲೆ, ಹೊಸ ವರ್ಷದ ಕ್ಯಾಲೆಂಡರಿನಲ್ಲಿ, ಬೆಳಗಿನ ವಾಟ್ಸಾಪ್ ಸಂದೇಶಗಳಲ್ಲಿ ಮತ್ತೆ ಮತ್ತೆ ಕಾಣುವ ವಚನವೊಂದಿದೆ. ದೇವರು ತನ್ನ ಜನರಿಗಾಗಿ ಮಾಡಿರುವ ಆಲೋಚನೆಗಳು ಕೇಡಿನವಲ್ಲ, ಹಿತದವು. ಅವರಿಗೆ ಭವಿಷ್ಯವೂ ನಿರೀಕ್ಷೆಯೂ ಇವೆ ಎಂಬ ಯೆರೆಮೀಯನ ಮಾತು ಅದು. ಪರೀಕ್ಷೆಗೆ ಹೊರಟ ಮಕ್ಕಳಿಗೆ, ಕೆಲಸ ಹುಡುಕುವವರಿಗೆ, ಆಸ್ಪತ್ರೆಯಲ್ಲಿ ಮಲಗಿರುವವರಿಗೆ ಅದನ್ನು ಪ್ರೀತಿಯಿಂದ ಕಳುಹಿಸುತ್ತೇವೆ. ಸತ್ಯವೇದವನ್ನು ಒಬ್ಬರೇ ಕುಳಿತು ಅಧ್ಯಯನ ಮಾಡುವುದು ಹೇಗೆ, ಓದಿದ್ದನ್ನು ಬದುಕಿಗೆ ತಂದುಕೊಳ್ಳುವುದು ಹೇಗೆ ಎಂಬ ಪ್ರಶ್ನೆಯನ್ನು ಈ ವಚನದಿಂದಲೇ ಆರಂಭಿಸೋಣ.

ಇದು ಒಂದು ಪತ್ರದ ನಡುವಿನ ಸಾಲು. ಕ್ರಿ.ಪೂ. 597ರಲ್ಲಿ ಬಾಬಿಲೋನಿನ ಅರಸನು ಯೆರೂಸಲೇಮಿನಿಂದ ಸೆರೆಹಿಡಿದು ಒಯ್ದ ಜನರಿಗೆ ಪ್ರವಾದಿ ಯೆರೆಮೀಯನು ಆ ಪತ್ರವನ್ನು ಬರೆದನು. ಅದರ ಹಿಂದಿನ ಅಧ್ಯಾಯವನ್ನು ತೆರೆದರೆ ಹನನ್ಯನೆಂಬ ಇನ್ನೊಬ್ಬ ಪ್ರವಾದಿ, ಎರಡೇ ವರ್ಷಗಳಲ್ಲಿ ಎಲ್ಲರೂ ಮರಳಿ ಬರುತ್ತಾರೆಂದು ದೇವಾಲಯದಲ್ಲಿ ನಿಂತು ಸಾರುವುದನ್ನು ಕಾಣುತ್ತೇವೆ. ಜನರು ಕೇಳಬಯಸಿದ್ದು ಅದನ್ನೇ. ಯೆರೆಮೀಯನ ಪತ್ರವಾದರೋ ಮನೆಗಳನ್ನು ಕಟ್ಟಿಕೊಂಡು ವಾಸಿಸಿರಿ, ತೋಟಗಳನ್ನು ಮಾಡಿ ಅದರ ಫಲವನ್ನು ತಿನ್ನಿರಿ, ಮಕ್ಕಳಿಗೆ ಮದುವೆ ಮಾಡಿಸಿರಿ, ನೀವು ಸೆರೆಯಾಗಿ ಹೋದ ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಎಂದು ಹೇಳುತ್ತದೆ. ಬಿಡುಗಡೆಗೆ 70 ವರ್ಷಗಳು ತುಂಬಬೇಕು ಎಂದು 10ನೆಯ ವಚನ ತಿಳಿಸುತ್ತದೆ. ಹಿತದ ಆಲೋಚನೆಯ ಮಾತು ಬರುವುದು ಅದಾದ ಮೇಲೆ. ಅಂದರೆ ಆ ಪತ್ರವನ್ನು ಕೇಳಿದ ನಡುವಯಸ್ಸಿನವರಲ್ಲಿ ಬಹುಪಾಲು ಜನರು ಊರಿಗೆ ಮರಳುವುದನ್ನು ಕಣ್ಣಾರೆ ಕಾಣುವಂತಿರಲಿಲ್ಲ. ವಾಗ್ದಾನ ನೆರವೇರಬೇಕಾದದ್ದು ಅವರ ಮಕ್ಕಳ, ಮೊಮ್ಮಕ್ಕಳ ಕಾಲದಲ್ಲಿ.

ಹೀಗೆ ಓದಿದಾಗ ವಚನ ಚಿಕ್ಕದಾಗುವುದಿಲ್ಲ, ಅದರ ತೂಕ ಹೆಚ್ಚುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ. ಈ ಸಲದ ಪರೀಕ್ಷೆಯಲ್ಲೇ ಗೆಲುವು ಖಂಡಿತ ಎಂದು ಅದು ಹೇಳುತ್ತಿಲ್ಲ; ಬಯಸದೇ ಬಂದು ನೆಲೆಸಬೇಕಾದ ಊರಿನಲ್ಲಿಯೂ ದೇವರು ತನ್ನವರನ್ನು ಮರೆತಿಲ್ಲ, ಅಲ್ಲಿಯೇ ಬೇರೂರಿ ನೆರೆಯವರ ಒಳಿತಿಗೆ ದುಡಿಯಿರಿ ಎನ್ನುತ್ತಿದೆ. ಮಂಡ್ಯದ ಹಳ್ಳಿಯನ್ನು ಬಿಟ್ಟು ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ ಇರುವ ಯುವಕನೊಬ್ಬನು ಈ ಅಧ್ಯಾಯವನ್ನು ಪೂರ್ತಿಯಾಗಿ ಓದಿದರೆ, ಊರಿಗೆ ಹಿಂತಿರುಗುವ ದಿನವನ್ನು ಎಣಿಸುವುದರ ಜೊತೆಗೆ, ತಾನಿರುವ ಬೀದಿಯ ಜನರ ಹೆಸರನ್ನಾದರೂ ತಿಳಿದು ಅವರಿಗಾಗಿ ಪ್ರಾರ್ಥಿಸಲು ತೊಡಗುವನು.

[ಪರದೆಯ ಮೇಲೆ: ಯಾರು? ಯಾರಿಗೆ? ಯಾವ ಸನ್ನಿವೇಶದಲ್ಲಿ? ಏಕೆ?]

ಆದ್ದರಿಂದ ಅಧ್ಯಯನಕ್ಕೆ ಕುಳಿತಾಗ ಪುಟವನ್ನು ಕಣ್ಣುಮುಚ್ಚಿ ತೆರೆದು, ಬೆರಳು ಬಿದ್ದ ವಚನವನ್ನು ಅಂದಿನ ಅಪ್ಪಣೆಯೆಂದು ಹಿಡಿಯುವ ಅಭ್ಯಾಸವನ್ನು ಬಿಡೋಣ. ನಮ್ಮ ಕೈಯಲ್ಲಿರುವ ವಚನ ಸಂಖ್ಯೆಗಳ ಕ್ರಮವು 16ನೆಯ ಶತಮಾನದಲ್ಲಿ ರೂಪುಗೊಂಡದ್ದು. ಯೆರೆಮೀಯನಾಗಲಿ ಪೌಲನಾಗಲಿ ಆ ಸಂಖ್ಯೆಗಳನ್ನು ಇಟ್ಟು ಬರೆದವರಲ್ಲ. ಒಂದು ಪುಸ್ತಕವನ್ನು ಆರಿಸಿಕೊಂಡು ಆದಿಯಿಂದ ಅಂತ್ಯದವರೆಗೆ ಓದಬೇಕು. ಹೊಸದಾಗಿ ಆರಂಭಿಸುವವರಿಗೆ 16 ಅಧ್ಯಾಯಗಳ ಮಾರ್ಕನ ಸುವಾರ್ತೆ ತಕ್ಕದ್ದು. ಓದುವ ಮುನ್ನ ಪ್ರಾರ್ಥನೆ, ಪಕ್ಕದಲ್ಲಿ ಒಂದು ನೋಟ್‌ಪುಸ್ತಕ, ಇಷ್ಟು ಸಾಕು. ಮೊದಲ ಓದಿನಲ್ಲಿ ಅರ್ಥ ಹೇಳಲು ಹೋಗದೆ, ಕಂಡದ್ದನ್ನು ಮಾತ್ರ ಬರೆದುಕೊಳ್ಳಿ: ಮಾತನಾಡುತ್ತಿರುವವರು ಯಾರು, ಕೇಳುತ್ತಿರುವವರು ಯಾರು, ಅವರ ಸಂಕಟವೇನು, ಯಾವ ಮಾತು ಮರುಕಳಿಸುತ್ತದೆ.

ಅನ್ವಯದ ಮಾತಿಗೆ ಬಂದಾಗ ನಾವು ಹೆಚ್ಚಾಗಿ ಸೋಲುವುದು ಮಸುಕಾದ ಸಂಕಲ್ಪಗಳಲ್ಲಿ. ‘ಇನ್ನು ಮೇಲೆ ಎಲ್ಲರನ್ನೂ ಪ್ರೀತಿಸುತ್ತೇನೆ’ ಎಂದು ಬರೆದು ಪುಸ್ತಕ ಮುಚ್ಚುತ್ತೇವೆ. ‘ನಿನ್ನಂತೆಯೇ ನಿನ್ನ ನೆರೆಯವನನ್ನು ಪ್ರೀತಿಸು’ ಎಂಬ ಆಜ್ಞೆಯನ್ನು ಯೇಸು ಎತ್ತಿಕೊಂಡದ್ದು ಯಾಜಕಕಾಂಡ 19ನೆಯ ಅಧ್ಯಾಯದಿಂದ. ಅದು ಅಲ್ಲಿ ಯಾವ ಮಾತುಗಳ ನಡುವೆ ನಿಂತಿದೆ ಎಂಬುದನ್ನು ಗಮನಿಸಿ. ಬೆಳೆ ಕೊಯ್ಯುವಾಗ ಹೊಲದ ಅಂಚನ್ನು ಪೂರ್ತಿ ಕೊಯ್ಯದೆ ಬಡವರಿಗೂ ಪರದೇಶಿಗೂ ಬಿಡಬೇಕು, ಕೂಲಿಯವನ ಕೂಲಿಯನ್ನು ಮರುದಿನದ ಬೆಳಗಿನವರೆಗೆ ಇಟ್ಟುಕೊಳ್ಳಬಾರದು, ಕಿವುಡನನ್ನು ಬಯ್ಯಬಾರದು, ಕುರುಡನ ದಾರಿಯಲ್ಲಿ ಅಡ್ಡಿ ಇಡಬಾರದು. ಇವೆಲ್ಲ ಆದ ಮೇಲೆ 18ನೆಯ ವಚನದಲ್ಲಿ ಪ್ರೀತಿಯ ಆಜ್ಞೆ, ಅಧ್ಯಾಯದ ಕೊನೆಯಲ್ಲಿ ತಕ್ಕಡಿ ಮತ್ತು ತೂಕದ ಕಲ್ಲು ಸರಿಯಾಗಿರಬೇಕೆಂಬ ನಿಯಮ. ಹೀಗೆ ಪ್ರೀತಿಯು ಕೂಲಿ, ತಕ್ಕಡಿ, ಹೊಲದ ಅಂಚುಗಳ ಲೆಕ್ಕದೊಳಗೆ ಇಳಿಯುತ್ತದೆ.

[ದೃಶ್ಯ: ಮಂಡ್ಯದ ಕಬ್ಬಿನ ಗದ್ದೆ, ಆಲೆಮನೆ]

ಹಳೆಯ ಇಸ್ರಾಯೇಲಿನ ಬೇಸಾಯದ ನಿಯಮವನ್ನು ಕಬ್ಬಿನ ಗದ್ದೆಗೆ ಅಕ್ಷರಶಃ ತರಲಾಗದು; ಹೊಲದ ಅಂಚಿನಲ್ಲಿ ಉಳಿದ ನಾಲ್ಕು ಜಲ್ಲೆಗಳಿಂದ ಯಾರ ಮನೆಯ ಒಲೆಯೂ ಉರಿಯದು. ಆದರೆ ನಿಯಮದ ಹಿಂದಿರುವ ಕಾರಣವನ್ನು ಹುಡುಕಿದರೆ ಅದು ನಮ್ಮ ಕಾಲಕ್ಕೂ ದಾಟುತ್ತದೆ. ಧರ್ಮೋಪದೇಶಕಾಂಡ 24:15 ಆ ಕಾರಣವನ್ನು ಬಿಚ್ಚಿ ಹೇಳುತ್ತದೆ: ಕೂಲಿಯವನು ಬಡವನು, ಆ ಹಣದ ಮೇಲೆಯೇ ಮನಸ್ಸಿಟ್ಟಿದ್ದಾನೆ, ಸೂರ್ಯ ಮುಳುಗುವುದರೊಳಗೆ ಕೊಟ್ಟುಬಿಡು. ಯಾಕೋಬನ ಪತ್ರದ 5ನೆಯ ಅಧ್ಯಾಯದಲ್ಲಿ, ಪೈರು ಕೊಯ್ದವರಿಂದ ಹಿಡಿದಿಟ್ಟ ಕೂಲಿಯೇ ಕೂಗಿಕೊಳ್ಳುತ್ತದೆ. ಇನ್ನು ರೂತಳ ಪುಸ್ತಕದ 2ನೆಯ ಅಧ್ಯಾಯದಲ್ಲಿ ಹೊಲದ ಒಡೆಯನಾದ ಬೋವಜನು ನಿಯಮಕ್ಕಿಂತ ಮುಂದೆ ಹೋಗಿ, ಹಕ್ಕಲು ಆಯುವ ಪರದೇಶದ ವಿಧವೆ ರೂತಳಿಗಾಗಿ ಸಿವುಡುಗಳಿಂದ ತೆನೆಗಳನ್ನು ಬೇಕೆಂದೇ ಬೀಳಿಸಿ ಬಿಡುವಂತೆ ಆಳುಗಳಿಗೆ ಹೇಳುತ್ತಾನೆ. ಒಂದು ಭಾಗವನ್ನು ಇನ್ನೊಂದು ಭಾಗದ ಬೆಳಕಿನಲ್ಲಿ ಓದುವುದೆಂದರೆ ಇದೇ.

ಈಗ ನೋಟ್‌ಪುಸ್ತಕದಲ್ಲಿ ಬರೆಯುವ ಸಾಲು ಸ್ಪಷ್ಟವಾಗುತ್ತದೆ. ಗದ್ದೆಯುಳ್ಳವರು, ಕಾರ್ಖಾನೆಯಿಂದ ಹಣ ಬರಲಿ ಬಿಡಲಿ ಕಟಾವಿನವರ ಬಾಕಿಯನ್ನು ಈ ಶನಿವಾರವೇ ತೀರಿಸುತ್ತೇನೆಂದು ಬರೆಯಬಹುದು. ಮೈಸೂರಿನಲ್ಲಿ ಮನೆಗೆಲಸಕ್ಕೆ ಬರುವ ತಾಯಿಗೆ ಸಂಬಳವನ್ನು ಕೇಳಿಸಿಕೊಂಡು ಕೊಡುವ ಮನೆಯವರು, ಕೇಳುವ ಮೊದಲೇ ಕೊಡುವ ದಿನವನ್ನು ಗುರುತು ಹಾಕಿಕೊಳ್ಳಬಹುದು. ಬೆಲ್ಲದ ವ್ಯಾಪಾರಿ ತನ್ನ ತಕ್ಕಡಿಯನ್ನು ನೋಡಿಕೊಳ್ಳಬೇಕು. ಯಾರಿಗೆ, ಏನು, ಯಾವ ದಿನ ಎಂಬ ಮೂರೂ ಆ ಸಾಲಿನಲ್ಲಿರಲಿ, ಮರುವಾರ ಅದೇ ಪುಟವನ್ನು ತೆರೆದು ಮಾಡಿದೆವೋ ಇಲ್ಲವೋ ಎಂದು ದೇವರ ಮುಂದೆ ನೋಡಿಕೊಳ್ಳೋಣ. ಪ್ರತಿ ದಿನವೂ ಇಂತಹ ಕಾರ್ಯ ಹೊಳೆಯಬೇಕೆಂದಿಲ್ಲ. ಕೀರ್ತನೆಗಳನ್ನು ಓದಿದ ದಿನ ಸ್ತುತಿ ಅಥವಾ ಅಳುವೇ ತಕ್ಕ ಉತ್ತರವಾಗಿರಬಹುದು.

ಅರ್ಥವಾಗದ ಭಾಗಗಳು ಬಂದೇ ಬರುತ್ತವೆ. ಅಪೊಸ್ತಲರ ಕೃತ್ಯಗಳು 8ನೆಯ ಅಧ್ಯಾಯದಲ್ಲಿ ಐಥಿಯೋಪ್ಯದ ಅಧಿಕಾರಿಯು ರಥದಲ್ಲಿ ಕುಳಿತು ಯೆಶಾಯನ ಗ್ರಂಥವನ್ನು ಒಬ್ಬನೇ ಓದುತ್ತಿರುತ್ತಾನೆ. ಓದುತ್ತಿರುವುದು ಅರ್ಥವಾಗುತ್ತಿದೆಯೇ ಎಂದು ಸುವಾರ್ತೆ ಸಾರುವ ಫಿಲಿಪ್ಪನು ಕೇಳಿದಾಗ, ಯಾರಾದರೂ ತಿಳಿಸದೆ ಹೇಗೆ ಅರ್ಥವಾದೀತು ಎಂದು ನಾಚಿಕೆಯಿಲ್ಲದೆ ಉತ್ತರಿಸಿ, ಅವನನ್ನು ಹತ್ತಿರ ಕೂರಿಸಿಕೊಳ್ಳುತ್ತಾನೆ. ವೈಯಕ್ತಿಕ ಅಧ್ಯಯನ ಒಂಟಿ ಅಧ್ಯಯನವಾಗಬೇಕಿಲ್ಲ. ನಿಮ್ಮ ಪ್ರಶ್ನೆಗಳನ್ನು ದಿನಾಂಕದೊಂದಿಗೆ ಬರೆದಿಟ್ಟು ಸಭಾಪಾಲಕರ ಬಳಿಗೆ, ಹಲವು ವರ್ಷ ಓದಿದ ಹಿರಿಯರ ಬಳಿಗೆ ಒಯ್ಯಿರಿ. ಅವರು ಹೇಳಿದ್ದನ್ನು, ಪೌಲನ ಬೋಧನೆಯನ್ನು ಪ್ರತಿದಿನ ಶಾಸ್ತ್ರದಲ್ಲಿ ಪರಿಶೀಲಿಸಿದ ಬೆರೋಯ ಪಟ್ಟಣದವರಂತೆ, ಮನೆಗೆ ಬಂದು ವಾಕ್ಯದಲ್ಲಿಯೇ ಪರಿಶೀಲಿಸಿರಿ.

[ಪರದೆಯ ಮೇಲೆ: ಫಿಲೆಮೋನನಿಗೆ ಬರೆದ ಪತ್ರ, 25 ವಚನಗಳು]

ಮುಂದಿನ ವಿಡಿಯೋದಲ್ಲಿ, ಯಜಮಾನನೊಬ್ಬನು ತನ್ನ ದಾಸನನ್ನು ಸಹೋದರನಾಗಿ ಮರಳಿ ಸೇರಿಸಿಕೊಳ್ಳಬೇಕೆಂದು ಪೌಲನು ಸೆರೆಯಿಂದ ಬರೆದ ಈ ಪುಟ್ಟ ಪತ್ರವನ್ನು ಒಟ್ಟಾಗಿ ಓದೋಣ. ಅಷ್ಟರೊಳಗೆ ಅದನ್ನು ಒಂದೇ ಸಲಕ್ಕೆ ಕೊನೆಯವರೆಗೆ ಓದಿ, ಪೌಲನು ಆಜ್ಞಾಪಿಸುವ ಅಧಿಕಾರವಿದ್ದರೂ ಬೇಡಿಕೊಳ್ಳುವುದೇಕೆ ಎಂಬ ಪ್ರಶ್ನೆಗೆ ನಿಮ್ಮ ಉತ್ತರವನ್ನು ಬರೆದಿಟ್ಟುಕೊಂಡು ಬನ್ನಿ.