ಆ ನಾಲ್ಕು ತೂತು ಮುಚ್ಚಬೇಡಿ

ನಮಸ್ಕಾರ. ಮೇಜಿನ ಮೇಲೆ ಒಂದು ರೂಟರ್ ಇದೆ. ಮುಚ್ಚಳ ಬಿಚ್ಚಿ ಇಟ್ಟಿದ್ದೇನೆ. ಕ್ಯಾಮೆರಾ ಸ್ವಲ್ಪ ಹತ್ತಿರ ತರುತ್ತೇನೆ, ನೋಡಿ. ಬೋರ್ಡಿನ ಈ ಅಂಚಿನಲ್ಲಿ ಸಾಲಾಗಿ ನಾಲ್ಕು ಸಣ್ಣ ತೂತು ಇವೆ, ಕಾಣಿಸಿತಾ? ಇವತ್ತು ನಾನು ಮಾತಾಡೋದು ಈ ನಾಲ್ಕು ತೂತಿನ ಬಗ್ಗೆ. ಮನೆಗೆ ತರುವ ಪ್ರತಿ ರೂಟರಿನಲ್ಲೂ ಇವು ಇರಬೇಕು, ಕೆಲಸವನ್ನೂ ಮಾಡಬೇಕು ಅನ್ನೋದು ನನ್ನ ವಾದ.

ಈ ರೂಟರ್ ನನ್ನ ಅಕ್ಕನ ಮನೆಯದು. ಸಾಗರದ ಹತ್ತಿರ ಇರುತ್ತಾಳೆ. ಕಳೆದ ಮಳೆಗಾಲದಲ್ಲಿ ಅಲ್ಲಿಗೆ ಹೋಗಿದ್ದೆ. ಇದರಲ್ಲಿ ಮೊದಲೇ ಓಪನ್‌ಡಬ್ಲ್ಯುಆರ್‌ಟಿ ಹಾಕಿಕೊಟ್ಟಿದ್ದೆ, ಅಂದರೆ ರೂಟರ್‌ಗಳಿಗೆಂದೇ ಮಾಡಿದ ಲಿನಕ್ಸ್ ಆಪರೇಟಿಂಗ್ ಸಿಸ್ಟಂ. ಹೊಸ ಆವೃತ್ತಿ ಬಂದಿತ್ತು, ಹಾಕಿಬಿಡೋಣ ಅಂತ ಕೂತೆ. ಯುಪಿಎಸ್‌ಗೆ ಸಿಕ್ಕಿಸಿರಲಿಲ್ಲ. ಮಲೆನಾಡು, ಆಷಾಢದ ಗಾಳಿ. ಅರ್ಧ ಬರೆಯುವಷ್ಟರಲ್ಲಿ ಕರೆಂಟ್ ಹೋಯಿತು. ವಾಪಸ್ ಬಂದಾಗ ಪವರ್ ದೀಪ ಒಂದೇ ಉರಿಯುತ್ತಿತ್ತು, ವೈಫೈ ಇಲ್ಲ. ಭಾವ ಮನೆಯಿಂದಲೇ ಆಫೀಸ್ ಕೆಲಸ ಮಾಡುವವರು. ಪಾಪ, ಒಂದು ಮಾತೂ ಬಯ್ಯಲಿಲ್ಲ. "ಹೋಗ್ಲಿ ಬಿಡು, ಗುಜರಿಗೆ ಹಾಕಿ ಹೊಸದು ತರೋಣ" ಅಂದರು.

ನನಗೆ ಮನಸ್ಸು ಒಪ್ಪಲಿಲ್ಲ. ಪ್ರೊಸೆಸರ್ ಚೆನ್ನಾಗಿದೆ, ರೇಡಿಯೋ ಚೆನ್ನಾಗಿದೆ, ಅಡಾಪ್ಟರ್ ಚೆನ್ನಾಗಿದೆ. ಒಂದು ಚಿಪ್ಪಿನೊಳಗಿನ ಬರಹ ಅರ್ಧಕ್ಕೆ ನಿಂತಿದೆ, ಅಷ್ಟೇ. ಅಷ್ಟಕ್ಕೆ ಇಡೀ ಪೆಟ್ಟಿಗೆ ಕಸ ಆಗಬೇಕಾ?

ಇಲ್ಲಿ ಬೂಟ್‌ಲೋಡರ್ ಅಂದರೇನು ಅಂತ ಹೇಳಿಬಿಡುತ್ತೇನೆ. ಈ ರೂಟರಿನಲ್ಲಿ 16 ಎಂಬಿ ಫ್ಲಾಶ್ ಇದೆ, ಅಂದರೆ ಕರೆಂಟ್ ಹೋದರೂ ಬರಹ ಉಳಿಸಿಕೊಳ್ಳುವ ಚಿಪ್. ಅದರ ಮೊದಲ 192 ಕೆಬಿ ಜಾಗ ಬೂಟ್‌ಲೋಡರ್‌ಗೆ. ಕರೆಂಟ್ ಕೊಟ್ಟ ತಕ್ಷಣ ಏಳುವುದು ಅದು. ಆ ಹೊತ್ತಿಗೆ ರ್‍ಯಾಮ್ ಕೂಡ ಎದ್ದಿರುವುದಿಲ್ಲ, ಅದನ್ನು ಎಬ್ಬಿಸುವುದೂ ಬೂಟ್‌ಲೋಡರ್ ಕೆಲಸವೇ. ಆಮೇಲೆ ಲಿನಕ್ಸ್‌ನ ತಿರುಳಾದ ಕರ್ನಲ್ ಎಲ್ಲಿದೆ ಅಂತ ಹುಡುಕಿ, ರ್‍ಯಾಮ್‌ಗೆ ತಂದು, ಮುಂದಿನದು ನಿನ್ನದಪ್ಪಾ ಅಂತ ಬಿಟ್ಟುಕೊಡುತ್ತದೆ. ಇಂಥ ಪೆಟ್ಟಿಗೆಗಳಲ್ಲಿ ಜಾಸ್ತಿ ಕಾಣಸಿಗುವುದು ಯು-ಬೂಟ್. ಜರ್ಮನಿಯ ವೋಲ್ಫ್‌ಗಾಂಗ್ ಡೆಂಕ್ ಕಟ್ಟಿ ಬೆಳೆಸಿದ್ದು. ಅವರು 2022ರಲ್ಲಿ ತೀರಿಕೊಂಡರು. ಅವರ ಹೆಸರು ಕೇಳದ ಎಷ್ಟೋ ಮನೆಗಳಲ್ಲಿ ಅವರ ಕೆಲಸ ದಿನಾ ಬೆಳಗ್ಗೆ ಎದ್ದೇಳುತ್ತದೆ.

ಅಕ್ಕನ ರೂಟರಿನಲ್ಲಿ ಕೆಟ್ಟಿದ್ದು ಕರ್ನಲ್ ಇರುವ ಭಾಗ. ಮೊದಲ 192 ಕೆಬಿಯನ್ನು ಯಾರೂ ಮುಟ್ಟಿರಲಿಲ್ಲ. ಅಂದರೆ ಒಳಗೆ ಜೀವ ಇದೆ, ಮಾತಾಡಿಸಬೇಕು. ಮಾತಾಡಿಸುವ ಜಾಗವೇ ಈ ನಾಲ್ಕು ತೂತು. ಇದಕ್ಕೆ ಸೀರಿಯಲ್ ಪೋರ್ಟ್ ಅನ್ನುತ್ತಾರೆ.

ಬೆಂಗಳೂರಿಗೆ ತಂದೆ. ಎಸ್.ಪಿ. ರೋಡಿನಲ್ಲಿ ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ಪುಟ್ಟ ಅಡಾಪ್ಟರ್ ಸಿಗುತ್ತದೆ, ಹೆಬ್ಬೆರಳಿಗಿಂತ ಚಿಕ್ಕದು. ತೆಗೆದುಕೊಳ್ಳುವಾಗ 3.3 ವೋಲ್ಟ್‌ನದೇ ಅಂತ ಕೇಳಿ. 5 ವೋಲ್ಟ್‌ನದನ್ನು ಸಿಕ್ಕಿಸಿದರೆ ರೂಟರಿನ ಪ್ರೊಸೆಸರ್ ಸುಟ್ಟುಹೋಗಬಹುದು. ನಾಲ್ಕು ತೂತಿನಲ್ಲಿ ಯಾವುದು ಯಾವುದು ಅಂತ ಬೋರ್ಡಿನ ಮೇಲೆ ಬರೆದಿರಲಿಲ್ಲ. ಮಲ್ಟಿಮೀಟರ್ ಹಿಡಿದೆ. ಕರೆಂಟ್ ಇಲ್ಲದಾಗ ಯಾವುದು ಲೋಹದ ಕವಚಕ್ಕೆ ಬೀಪ್ ಅನ್ನುತ್ತದೋ ಅದು ಗ್ರೌಂಡ್. ಕರೆಂಟ್ ಕೊಟ್ಟಾಗ 3.3ಕ್ಕೆ ಅಲ್ಲಾಡದೆ ನಿಂತಿದ್ದು ವಿಸಿಸಿ, ಅಂದರೆ ಕರೆಂಟಿನ ಪಿನ್, ಅದನ್ನು ಬಿಟ್ಟುಬಿಡಿ, ತಂತಿ ಹಾಕಲೇಬೇಡಿ. ರೂಟರ್ ಏಳುವಾಗ ಮೀಟರಿನ ಅಂಕಿ ಎಲ್ಲಿ ಚಡಪಡಿಸುತ್ತದೋ ಅದು ಟಿಎಕ್ಸ್, ರೂಟರ್ ಮಾತಾಡುವ ಕಡೆ. ಉಳಿದಿದ್ದು ಆರ್‌ಎಕ್ಸ್, ಅದು ಕೇಳುವ ಕಡೆ. ಅದರ ಟಿಎಕ್ಸ್ ನಮ್ಮ ಆರ್‌ಎಕ್ಸ್‌ಗೆ, ನಮ್ಮ ಟಿಎಕ್ಸ್ ಅದರ ಆರ್‌ಎಕ್ಸ್‌ಗೆ. ಒಬ್ಬರ ಬಾಯಿ ಇನ್ನೊಬ್ಬರ ಕಿವಿಗೆ, ಅಲ್ವಾ?

ನಾಲ್ಕು ಪಿನ್ನಿನ ಹೆಡರ್ ಇಟ್ಟು ಬೆಸುಗೆ ಹಾಕಿದೆ. ಲ್ಯಾಪ್‌ಟಾಪಿನಲ್ಲಿ ಮಾತಿನ ವೇಗ ಸೆಕೆಂಡಿಗೆ 115200 ಬಿಟ್ ಅಂತ ಇಟ್ಟು ರೂಟರ್ ಆನ್ ಮಾಡಿದೆ. ಪರದೆ ತುಂಬ ಪ್ರಶ್ನೆ ಚಿಹ್ನೆ, ಚೌಕ, ಏನೇನೋ. ಆದರೂ ನನಗೆ ಖುಷಿ ಆಯಿತು. ಏನೋ ಹೇಳುತ್ತಿದೆ ಅಂದರೆ ಬದುಕಿದೆ ಅಂತ ತಾನೇ. ವೇಗ 57600ಕ್ಕೆ ಇಳಿಸಿದೆ. ಆಫ್ ಮಾಡಿ ಆನ್ ಮಾಡಿದೆ. ಅಚ್ಚುಕಟ್ಟಾಗಿ ಸಾಲು ಸಾಲು ಬಂತು. ಯು-ಬೂಟ್ 1.1.3, 2005ರ ಕಾಲದ ಆವೃತ್ತಿ. ಇಷ್ಟು ಹಳೆಯದನ್ನು ಹೊಸ ಪೆಟ್ಟಿಗೆಯಲ್ಲಿ ಹಾಕಿ ಮಾರುತ್ತಾರಲ್ಲ ಅಂತ ನನಗೆ ಬೇಜಾರಿದೆ, ಆದರೆ ಆ ದಿನ ಅದೇ ನನ್ನ ಕೈ ಹಿಡಿಯಿತು. ಕೆಳಗೆ ಒಂದು ಮೆನು ಬಂತು. 1 ಒತ್ತಿದರೆ ನೆಟ್‌ವರ್ಕ್‌ನಿಂದ ಲಿನಕ್ಸ್ ತಂದು ಬರೀ ರ್‍ಯಾಮ್‌ನಲ್ಲಿ ಓಡಿಸುತ್ತದೆ. 2 ಒತ್ತಿದರೆ ತಂದು ಫ್ಲಾಶ್‌ಗೆ ಬರೆಯುತ್ತದೆ. 4 ಕಮಾಂಡ್ ಬರೆಯಲು. 9 ಒತ್ತಿದರೆ ಬೂಟ್‌ಲೋಡರನ್ನೇ ಅಳಿಸಿ ಹೊಸದು ಬರೆಯುತ್ತದೆ. ಈ 9ರ ಕಥೆಗೆ ಆಮೇಲೆ ಬರುತ್ತೇನೆ.

ನಾನು ಯಾವಾಗಲೂ 1ನ್ನೇ ಒತ್ತುತ್ತೇನೆ, ನೀವೂ ಹಾಗೇ ಮಾಡಿ. ರ್‍ಯಾಮ್‌ನಲ್ಲಿ ಓಡಿದ್ದು ತಪ್ಪಾದರೆ ಪ್ಲಗ್ ಕಿತ್ತರೆ ಆಯಿತು, ಏನೂ ಹಾಳಾಗಿರುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಟಿಎಫ್‌ಟಿಪಿ ಸರ್ವರ್ (ಕೇಳಿದ ಫೈಲ್ ಕಳಿಸುವ ಸಾಫ್ಟ್‌ವೇರ್) ಹಾಕಿ, ಇನಿಟ್‌ರ್‍ಯಾಮ್‌ಎಫ್‌ಎಸ್ ಅನ್ನೋ, ಬರೀ ರ್‍ಯಾಮ್‌ನಲ್ಲಿ ಓಡುವ ಲಿನಕ್ಸ್ ಫೈಲ್ ಇಟ್ಟು, ಕೇಬಲ್ ಸಿಕ್ಕಿಸಿ ಕೂತೆ. ಪರದೆಯ ಮೇಲೆ ಟಿ, ಟಿ, ಟಿ ಅಂತ ಬರತೊಡಗಿತು. ಕೇಳಿದರೂ ಉತ್ತರ ಬರುತ್ತಿಲ್ಲ ಅಂತ ಅದರ ಅರ್ಥ. ಅರ್ಧ ಗಂಟೆ ಕೇಬಲ್ ಬದಲಿಸಿದೆ, ಐಪಿ ಬದಲಿಸಿದೆ. ಕೊನೆಗೆ ನೋಡಿದರೆ ನನ್ನ ಲ್ಯಾಪ್‌ಟಾಪಿನ ಫೈರ್‌ವಾಲ್ 69ನೇ ಪೋರ್ಟನ್ನು ಮುಚ್ಚಿತ್ತು. ತೆಗೆದ ತಕ್ಷಣ ರಂಗೋಲಿ ಚುಕ್ಕಿ ಇಟ್ಟ ಹಾಗೆ ಹ್ಯಾಷ್ ಗುರುತು ಸಾಲಾಗಿ ಬಂದವು. ಒಂದೆರಡು ನಿಮಿಷಕ್ಕೆ ಲಿನಕ್ಸ್ ಎದ್ದಿತು.

ಆಗ ಮೊದಲು ಏನು ಮಾಡಿದೆ ಗೊತ್ತಾ? ಫ್ಯಾಕ್ಟರಿ ಅನ್ನೋ ಭಾಗವನ್ನು ನಕಲು ಮಾಡಿ ಲ್ಯಾಪ್‌ಟಾಪಿಗೆ ತೆಗೆದುಕೊಂಡೆ. ಬರೀ 64 ಕೆಬಿ. ಈ ರೂಟರಿನ ಮ್ಯಾಕ್ ವಿಳಾಸ, ಅಂದರೆ ನೆಟ್‌ವರ್ಕ್‌ನಲ್ಲಿ ಇದರ ಗುರುತಿನ ಸಂಖ್ಯೆ, ಇರುವುದು ಅಲ್ಲೇ. ಇದರ ರೇಡಿಯೋಗೆ ಕಾರ್ಖಾನೆಯಲ್ಲಿ ಅಳೆದು ಬರೆದ ಅಂಕಿಗಳೂ ಅಲ್ಲೇ ಇವೆ. ಇದೇ ಮಾಡೆಲ್ಲಿನ ಇನ್ನೊಂದು ರೂಟರಿನಿಂದ ತಂದು ಹಾಕಿದರೂ ಸರಿಹೋಗುವುದಿಲ್ಲ. ಅದು ಅಳಿಸಿಹೋದರೆ ವೈಫೈ ಎದ್ದರೂ ದುರ್ಬಲವಾಗಿರುತ್ತದೆ, ಕೆಲವೊಮ್ಮೆ ಏಳುವುದೇ ಇಲ್ಲ. ಲಿನಕ್ಸ್ ಎಷ್ಟು ಸಲ ಬೇಕಾದರೂ ಡೌನ್‌ಲೋಡ್ ಮಾಡಬಹುದು, ಈ 64 ಕೆಬಿ ಮಾತ್ರ ಎಲ್ಲೂ ಸಿಗದು. ರೂಟರ್ ಚೆನ್ನಾಗಿರುವಾಗಲೇ ಇದನ್ನು ತೆಗೆದಿಟ್ಟುಕೊಳ್ಳಿ ಅಂತ ಕೈಮುಗಿದು ಕೇಳುತ್ತೇನೆ. ನಕಲು ತೆಗೆದ ಮೇಲೆ ಓಪನ್‌ಡಬ್ಲ್ಯುಆರ್‌ಟಿಯನ್ನು ಫ್ಲಾಶ್‌ಗೆ ಪೂರ್ತಿ ಬರೆದೆ, ಅಕ್ಕನ ರೂಟರ್ ಸರಿಹೋಯಿತು.

ಇನ್ನು 9ರ ಕಥೆ. ಇದು ಇನ್ನೊಂದು ರೂಟರ್, ನನ್ನದೇ. ಹಳೇ ಯು-ಬೂಟ್ ತೆಗೆದು ಹೊಸದು ಹಾಕುವ ಆಸೆ. ಫೈಲ್ ಇದೇ ಪ್ರೊಸೆಸರ್‌ನದು, ಆದರೆ ಬೇರೆ ಜಾತಿಯ ರ್‍ಯಾಮ್‌ಗೆ ಮಾಡಿದ್ದು. ನಾನು ಸರಿಯಾಗಿ ನೋಡದೆ 9 ಒತ್ತಿದೆ. ಬರೆದು ಮುಗಿಯಿತು, ಮತ್ತೆ ಆನ್ ಮಾಡಿದೆ. ಸೀರಿಯಲ್‌ನಲ್ಲಿ ಒಂದಕ್ಷರ ಇಲ್ಲ. ರ್‍ಯಾಮ್ ಎಬ್ಬಿಸಲು ಆಗದೆ ಅಲ್ಲೇ ನಿಂತಿತ್ತು. ಈ ಸಲ ಮಾತಾಡಿಸಲು ಒಳಗೆ ಯಾರೂ ಇಲ್ಲ.

ಆಗ ಉಳಿಯುವುದು ಒಂದೇ ದಾರಿ, ಫ್ಲಾಶ್ ಚಿಪ್ಪಿಗೆ ನೇರವಾಗಿ ಕೈ ಹಾಕುವುದು. ಎಂಟು ಕಾಲಿನ ಪುಟ್ಟ ಕಪ್ಪು ಚಿಪ್ಪು. ಅದನ್ನು ಕಚ್ಚಿ ಹಿಡಿಯುವ ಕ್ಲಿಪ್, ಸಿಎಚ್341ಎ ಅನ್ನೋ ಅಗ್ಗದ ಪ್ರೋಗ್ರಾಮರ್, ಲ್ಯಾಪ್‌ಟಾಪಿನಲ್ಲಿ ಫ್ಲಾಶ್‌ರಾಮ್ ಸಾಫ್ಟ್‌ವೇರ್. ಅಂಗಡಿಯಲ್ಲಿ ಸಿಗುವ ಕಪ್ಪು ಬಣ್ಣದ ಬೋರ್ಡುಗಳಲ್ಲಿ ಡೇಟಾ ತಂತಿಯ ಮೇಲೆ 5 ವೋಲ್ಟ್ ಬರುವುದುಂಟು, ಮೊದಲು ಅಳೆದು ನೋಡಿ. ಕ್ಲಿಪ್ ಹಾಕಿದಾಗ ರೂಟರಿನ ಅಡಾಪ್ಟರ್ ಕಿತ್ತಿರಬೇಕು. ಎರಡು ಸಲ ಓದಿಸಿದೆ, ಎರಡೂ ಫೈಲ್ ಬೇರೆ ಬೇರೆ ಬಂದವು. ಕ್ಲಿಪ್ ಸರಿ ಕೂತಿಲ್ಲ ಅಂತ ಅರ್ಥ. ಇಸೊಪ್ರೊಪೈಲ್‌ನಲ್ಲಿ ಅದ್ದಿದ ಹತ್ತಿಯಿಂದ ಕಾಲುಗಳನ್ನು ಒರೆಸಿ ಮತ್ತೆ ಹಾಕಿದೆ. ಈ ಸಲ ಎರಡೂ ಒಂದೇ. ಆ ಫೈಲಿನ ಮೊದಲ 192 ಕೆಬಿ ಮಾತ್ರ ಹಳೆಯ ನಕಲಿನಿಂದ ತೆಗೆದು ಸೇರಿಸಿ ವಾಪಸ್ ಬರೆದೆ. ಎದ್ದಿತು. ಎರಡು ಸಂಜೆ ಹಿಡಿಯಿತು.

ಇಷ್ಟೂ ಕಷ್ಟ ಇಲ್ಲದೆ ಬೂಟ್‌ಲೋಡರ್ ರಿಪೇರಿ ಮಾಡುವಂತೆ ಚಿಪ್ ಮಾಡಿದವರೂ ಇದ್ದಾರೆ. 2009ರಲ್ಲಿ ಬಂದ ಶೀವಾಪ್ಲಗ್ ಅನ್ನೋ ಪುಟ್ಟ ಮನೆ ಸರ್ವರ್ ಇತ್ತು, ಗೋಡೆಯ ಸಾಕೆಟ್ಟಿಗೆ ಸಿಕ್ಕಿಸುವಂಥದ್ದು. ಅದರ ಮಾರ್ವೆಲ್ ಪ್ರೊಸೆಸರ್‌ನೊಳಗೆ ಅಳಿಸಲಾಗದ ಸಣ್ಣ ಪ್ರೋಗ್ರಾಂ ಇದೆ. ಫ್ಲಾಶ್ ಪೂರ್ತಿ ಹಾಳಾಗಿದ್ದರೂ ಸೀರಿಯಲ್ ತಂತಿಯಲ್ಲೇ ಹೊಸ ಯು-ಬೂಟ್ ಕಳಿಸಬಹುದು. ಯು-ಬೂಟ್ ಜೊತೆಗೇ ಬರುವ ಕೆಡಬ್ಲ್ಯುಬೂಟ್ ಅನ್ನೋ ಟೂಲ್ ಇರುವುದು ಇದೇ ಕೆಲಸಕ್ಕೆ. ಅಂಥ ಪೆಟ್ಟಿಗೆಯನ್ನು ಸಾಫ್ಟ್‌ವೇರ್‌ನಿಂದ ಇಟ್ಟಿಗೆಯ ಹಾಗೆ ಜೀವ ಇಲ್ಲದ್ದು ಮಾಡೋದು ತುಂಬಾ ಕಷ್ಟ.

ಇವತ್ತು ಗಾಳಿ ಬೀಸುತ್ತಿರುವುದು ಬೇರೆ ಕಡೆಗೆ. ಸೀರಿಯಲ್‌ಗೆ ಪಾಸ್‌ವರ್ಡ್ ಹಾಕುತ್ತಾರೆ. ಆರ್‌ಎಕ್ಸ್ ದಾರಿಯಲ್ಲಿರುವ ಒಂದು ರೆಸಿಸ್ಟರ್ ತೆಗೆದು ಕಿವಿ ಮುಚ್ಚುತ್ತಾರೆ. ಕಂಪನಿಯ ಸಹಿ ಇಲ್ಲದ ಯಾವುದನ್ನೂ ಓಡಿಸದಂತೆ ಚಿಪ್ಪಿನೊಳಗಿನ ಫ್ಯೂಸ್ ಸುಟ್ಟು ಕಳಿಸುತ್ತಾರೆ. ಭದ್ರತೆಗಾಗಿ ಅನ್ನುತ್ತಾರೆ. ಆ ಮಾತಿನಲ್ಲಿ ಹುರುಳಿಲ್ಲ ಅಂತ ನಾನು ಹೇಳುವುದಿಲ್ಲ. ಇಂಟರ್ನೆಟ್‌ನಿಂದ ನುಗ್ಗಿದವನು ಬೂಟ್‌ಲೋಡರ್‌ನಲ್ಲೇ ಮನೆ ಮಾಡಿಕೊಂಡರೆ ಅವನನ್ನು ಹೊರಹಾಕುವುದು ಕಷ್ಟ. ಆದರೆ ಆ ನಾಲ್ಕು ತೂತು ಮುಟ್ಟಬೇಕಾದರೆ ಮನೆಯೊಳಗೆ ಬಂದು ಸ್ಕ್ರೂ ಬಿಚ್ಚಬೇಕು. ಸ್ಕ್ರೂ ಬಿಚ್ಚುವವನು ಮನೆಯ ಯಜಮಾನ. ಬೀಗ ಹಾಕಿ, ಬೇಡ ಅನ್ನುವುದಿಲ್ಲ, ಕೀಲಿಕೈಯನ್ನು ದುಡ್ಡು ಕೊಟ್ಟವರ ಕೈಗೆ ಕೊಡಿ. ಅಪ್‌ಡೇಟ್ ಕೊಡುವುದನ್ನು ಕಂಪನಿ ನಿಲ್ಲಿಸಿದ ಮೇಲೂ ಬೀಗ ತೆಗೆಯದಿದ್ದರೆ, ಆ ಮನೆಯಲ್ಲಿ ಹಳೇ ಭದ್ರತಾ ಲೋಪಗಳಿರುವ ರೂಟರ್ ವರ್ಷಗಟ್ಟಲೆ ಉರಿಯುತ್ತಿರುತ್ತದೆ. ಅದು ಯಾವ ಭದ್ರತೆ?

ಈ ಜಗ್ಗಾಟ ಹೊಸದೇನಲ್ಲ. ಲಿಂಕ್‌ಸಿಸ್‌ನ ಡಬ್ಲ್ಯುಆರ್‌ಟಿ54ಜಿ ರೂಟರಿನೊಳಗೆ ಲಿನಕ್ಸ್ ಇರುವುದನ್ನು 2003ರಲ್ಲಿ ಜನ ಪತ್ತೆ ಮಾಡಿದರು. ಲಿನಕ್ಸ್‌ನ ಲೈಸೆನ್ಸ್ ಪ್ರಕಾರ ಸೋರ್ಸ್, ಅಂದರೆ ಪ್ರೋಗ್ರಾಂನ ಮೂಲ ಬರಹ, ಕೊಡಲೇಬೇಕಿತ್ತು, ಕೊಟ್ಟರು. ಅದರಿಂದಲೇ 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿತು, ಹೆಸರಿನಲ್ಲೇ ಆ ರೂಟರಿನ ನೆನಪಿದೆ. ಆಮೇಲೆ 2005ರಲ್ಲಿ ಅದೇ ರೂಟರಿನ ಐದನೇ ಆವೃತ್ತಿಯಲ್ಲಿ ಲಿನಕ್ಸ್ ತೆಗೆದು ವಿಎಕ್ಸ್‌ವರ್ಕ್ಸ್ ಅನ್ನೋ ಬೇರೆ ಆಪರೇಟಿಂಗ್ ಸಿಸ್ಟಂ ಹಾಕಿದರು, ಫ್ಲಾಶ್ 2 ಎಂಬಿಗೆ, ರ್‍ಯಾಮ್ 8 ಎಂಬಿಗೆ ಇಳಿಸಿದರು. ಜನ ಬಿಟ್ಟರಾ? ಆ ಬೂಟ್‌ಲೋಡರನ್ನೇ ತೆಗೆದು ಲಿನಕ್ಸ್ ಏಳಿಸುವ ಬೂಟ್‌ಲೋಡರ್ ಕೂರಿಸುವ ದಾರಿ ಕಂಡುಹಿಡಿದರು. ಅಷ್ಟು ಸಣ್ಣ ಜಾಗದಲ್ಲೂ ಲಿನಕ್ಸ್ ಹಿಡಿಸಿದರು. ಯಾರೂ ಸಂಬಳ ಕೊಟ್ಟು ಮಾಡಿಸಿದ್ದಲ್ಲ. ಅದನ್ನು ನೆನೆದರೆ ನನಗೆ ಈಗಲೂ ಮನಸ್ಸು ತುಂಬಿಬರುತ್ತದೆ.

ತೆರೆದಿಟ್ಟರೆ ಮಾರಲು ಆಗುವುದಿಲ್ಲ ಅನ್ನುವವರಿಗೆ ಈಗ ಉತ್ತರವೂ ಇದೆ. 2024ರ ನವೆಂಬರ್‌ನಲ್ಲಿ ಓಪನ್‌ಡಬ್ಲ್ಯುಆರ್‌ಟಿ ಒನ್ ಬಂತು. ಆಗ ಬೆಲೆ 89 ಡಾಲರ್ ಇತ್ತು. ಅದರಲ್ಲಿ ಎರಡು ಫ್ಲಾಶ್ ಇವೆ. 256 ಎಂಬಿಯದು ದಿನದ ಕೆಲಸಕ್ಕೆ, 16 ಎಂಬಿಯದು ಆಪತ್ತಿಗೆ. ದೊಡ್ಡದು ಕೆಟ್ಟರೆ ಒಂದು ಸ್ವಿಚ್ಚನ್ನು ಆಚೆಯಿಂದ ಈಚೆಗೆ ತಳ್ಳಿದರೆ ಸಾಕು, ಚಿಕ್ಕದರಿಂದ ಏಳುತ್ತದೆ. ಸೀರಿಯಲ್‌ಗೆ ಯುಎಸ್‌ಬಿ-ಸಿ ಸಾಕೆಟ್ಟನ್ನೇ ಇಟ್ಟಿದ್ದಾರೆ, ಬೆಸುಗೆಯ ಮಾತೇ ಇಲ್ಲ. ಒಂದು ಸ್ವಿಚ್, ಒಂದು ಸಾಕೆಟ್. ಇದನ್ನು ಬೇರೆ ಕಂಪನಿಗಳು ಯಾಕೆ ಮಾಡಬಾರದು ಅಂತ ನಾವು ಕೇಳಬೇಕು. ರೂಟರ್ ಕೊಳ್ಳುವ ಮೊದಲು ವೇಗ, ಆಂಟೆನಾ ಎಷ್ಟು ಅಂತ ನೋಡುತ್ತೀರಲ್ಲ, ಜೊತೆಗೆ ಓಪನ್‌ಡಬ್ಲ್ಯುಆರ್‌ಟಿಯ ಪಟ್ಟಿಯಲ್ಲಿ ಆ ಮಾಡೆಲ್ ಇದೆಯಾ, ವಾಪಸ್ ಬರುವ ದಾರಿ ಬರೆದಿದ್ದಾರಾ ಅಂತಲೂ ನೋಡಿ. ಮಾಡೆಲ್ ಹೆಸರು ಒಂದೇ ಇದ್ದು ಆವೃತ್ತಿ ಬೇರೆ ಇರುತ್ತದೆ, ತಳದ ಸ್ಟಿಕ್ಕರ್ ಓದಿ. ಒಂದು ಮಾತು, ಇಂಟರ್ನೆಟ್ ಕೊಡುವವರು ಬಾಡಿಗೆಗೆ ಇಟ್ಟುಹೋದ ಪೆಟ್ಟಿಗೆ ನಿಮ್ಮದಲ್ಲ, ಅದಕ್ಕೆ ಕೈ ಹಾಕಬೇಡಿ.

ಅಕ್ಕನ ರೂಟರ್ ನಾಳೆ ಬಸ್ಸಿನಲ್ಲಿ ಸಾಗರಕ್ಕೆ ಹೋಗುತ್ತದೆ. ಹೆಡರ್ ಕಿತ್ತಿಲ್ಲ, ಹಾಗೇ ಬಿಟ್ಟಿದ್ದೇನೆ. ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿದ್ದೇನೆ, ಇಲ್ಲಿ ನೋಡಿ. ಎಡದಿಂದ ವಿಸಿಸಿ, ಆರ್‌ಎಕ್ಸ್, ಟಿಎಕ್ಸ್, ಗ್ರೌಂಡ್. ವೇಗ 57600. ವಿಸಿಸಿ ಮುಟ್ಟಬೇಡಿ. 9 ಒತ್ತಬೇಡಿ. ಅವರ ಮಗ ಈಗ ಎಂಟನೇ ಕ್ಲಾಸು, ಮುಂದಿನ ಸಲ ಬಿಚ್ಚುವುದು ಅವನೇ ಇರಬಹುದು ಅಂತ ಸ್ವಲ್ಪ ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ.