ಹಕ್ಕಿಜ್ವರದ ವೈರಾಣು: ಬಾತುಕೋಳಿಯ ಕರುಳಿನಿಂದ ಹಸುವಿನ ಕೆಚ್ಚಲಿನವರೆಗೆ

ಕೇಳುಗ ಮಿತ್ರರಿಗೆ ನಮಸ್ಕಾರ.

ಹಕ್ಕಿಜ್ವರದ ಸುದ್ದಿ ಬಂದಾಗಲೆಲ್ಲ ನಾವು ಮೊದಲು ಕೇಳುವ ಪ್ರಶ್ನೆ, ಎಷ್ಟು ಜನರಿಗೆ ತಗುಲಿದೆ ಎಂಬುದು. ಒಬ್ಬರಿಗೋ ಇಬ್ಬರಿಗೋ ಎಂದು ತಿಳಿದರೆ ನಿರಾಳರಾಗುತ್ತೇವೆ. ಆ ನಿರಾಳಕ್ಕೆ ಆಧಾರವಿಲ್ಲವೆಂದಲ್ಲ. ಆದರೆ ಈ ವೈರಾಣುವಿನಿಂದ ಮನುಷ್ಯರಿಗಿರುವ ಅಪಾಯವನ್ನು ಮನುಷ್ಯರ ತಲೆ ಎಣಿಸಿಯೇ ಅಳೆಯಹೊರಟರೆ ಲೆಕ್ಕ ತಪ್ಪುತ್ತದೆ. ಏಕೆಂದರೆ ಅದು ಬದಲಾಗುತ್ತಿರುವುದು ನಮ್ಮ ಮೈಯಲ್ಲಲ್ಲ, ಹಕ್ಕಿಗಳ ಮೈಯಲ್ಲಿ ಮತ್ತು ಈಚಿನ ವರ್ಷಗಳಲ್ಲಿ ಇತರ ಸಸ್ತನಿಗಳ ಮೈಯಲ್ಲಿ.

ಹಕ್ಕಿಜ್ವರದ ವೈರಾಣು ಸೇರಿರುವ ಇನ್‌ಫ್ಲುಯೆನ್ಜಾ ಎ ಗುಂಪಿನ ವೈರಾಣುಗಳ ಮೂಲ ನೆಲೆ ಕಾಡು ಬಾತು, ಹೆಬ್ಬಾತು, ಕಡಲಹಕ್ಕಿಗಳಂತಹ ನೀರಹಕ್ಕಿಗಳು. ಇವುಗಳ ಕರುಳಿನಲ್ಲಿ ವೈರಾಣು ಬಹುಪಾಲು ತೊಂದರೆ ಕೊಡದೆ ಬಾಳಿ, ಹಿಕ್ಕೆಯೊಡನೆ ನೀರಿಗಿಳಿದು, ಆ ನೀರು ಕುಡಿದ ಇನ್ನೊಂದು ಹಕ್ಕಿಗೆ ದಾಟುತ್ತದೆ. ವೈರಾಣುವಿನ ಹೊರಮೈಯಲ್ಲಿ ಮುಖ್ಯವಾಗಿ ಎರಡು ಪ್ರೋಟೀನುಗಳಿವೆ. ಜೀವಕೋಶಕ್ಕೆ ಅಂಟಿಕೊಂಡು ಒಳಹೊಗಲು ಬೇಕಾದದ್ದು ಹಿಮಾಗ್ಲುಟಿನಿನ್. ಹೊಸದಾಗಿ ತಯಾರಾದ ವೈರಾಣುಗಳು ಆ ಕೋಶದಿಂದ ಬಿಡಿಸಿಕೊಂಡು ಹೊರಡಲು ಬೇಕಾದದ್ದು ನ್ಯೂರಮಿನಿಡೇಸ್. ಮೊದಲನೆಯದರ 16 ಬಗೆಗಳೂ ಎರಡನೆಯದರ 9 ಬಗೆಗಳೂ ಹಕ್ಕಿಗಳಲ್ಲಿ ಬಹಳ ಹಿಂದೆಯೇ ಗುರುತಾಗಿದ್ದು, ಎಚ್5ಎನ್1, ಎಚ್7ಎನ್9 ಎಂಬ ಹೆಸರುಗಳು ಈ ಬಗೆಗಳ ಸಂಖ್ಯೆಯಿಂದಲೇ ಬಂದಿವೆ.

ಈ ವೈರಾಣು ಬದಲಾಗುವುದು ಎರಡು ರೀತಿಯಲ್ಲಿ. ಇದರ ಆನುವಂಶಿಕ ವಸ್ತು ಆರ್‌ಎನ್‌ಎ. ಅದನ್ನು ನಕಲು ಮಾಡುವ ಕಿಣ್ವಕ್ಕೆ ತನ್ನ ತಪ್ಪುಗಳನ್ನು ತಾನೇ ತಿದ್ದಿಕೊಳ್ಳುವ ಸಾಮರ್ಥ್ಯವಿಲ್ಲ. ಕರಡು ತಿದ್ದುವವರಿಲ್ಲದ ಮುದ್ರಣಾಲಯದಂತೆ ಪ್ರತಿ ಸುತ್ತಿನಲ್ಲೂ ಹೊಸ ತಪ್ಪುಗಳು ಹೊರಬರುತ್ತವೆ. ಹೆಚ್ಚಿನವು ವೈರಾಣುವಿಗೇ ಮಾರಕ, ಕೆಲವು ಮಾತ್ರ ಅನುಕೂಲಕರ. ಎರಡನೆಯ ರೀತಿ ಹೆಚ್ಚು ನಾಟಕೀಯವಾದದ್ದು. ಈ ಆರ್‌ಎನ್‌ಎ ಒಂದೇ ಎಳೆಯಾಗಿಲ್ಲ, ಎಂಟು ತುಂಡುಗಳಾಗಿದೆ. ಎರಡು ಬೇರೆ ಬೇರೆ ತಳಿಗಳು ಒಂದೇ ಜೀವಕೋಶವನ್ನು ಹೊಕ್ಕರೆ ತುಂಡುಗಳು ಅದಲುಬದಲಾಗಿ, ಹಿಂದೆಂದೂ ಇರದಿದ್ದ ತಳಿಯೊಂದು ಒಮ್ಮೆಲೇ ಹುಟ್ಟಬಹುದು. 1957ರ ಜಾಗತಿಕ ಪಿಡುಗಿಗೆ ಕಾರಣವಾದ ಎಚ್2ಎನ್2 ತಳಿಯ ಮೂರು ತುಂಡುಗಳು ಮತ್ತು 1968ರ ಎಚ್3ಎನ್2 ತಳಿಯ ಎರಡು ತುಂಡುಗಳು ಹಕ್ಕಿಗಳ ವೈರಾಣುವಿನಿಂದ ಬಂದಿದ್ದವು. ಉಳಿದವು ಅದಾಗಲೇ ಮನುಷ್ಯರಲ್ಲಿ ಸುತ್ತುತ್ತಿದ್ದ ಫ್ಲೂ ವೈರಾಣುವಿನವು.

ಹಾಗಾದರೆ ನೀರಹಕ್ಕಿಯಲ್ಲಿ ಸಾಧುವಾಗಿರುವ ವೈರಾಣು ಕೋಳಿಗಳಲ್ಲಿ ಮಾರಿಯಾಗುವುದು ಹೇಗೆ? ಹಿಮಾಗ್ಲುಟಿನಿನ್ ತಯಾರಾದಾಗ ಇಡಿಯಾಗಿರುತ್ತದೆ. ಆಸರೆ ಕೊಟ್ಟ ಪ್ರಾಣಿಯದೇ ಒಂದು ಕಿಣ್ವ ಅದನ್ನು ನಿರ್ದಿಷ್ಟ ಜಾಗದಲ್ಲಿ ಎರಡಾಗಿ ಕತ್ತರಿಸಿದ ಮೇಲಷ್ಟೇ ವೈರಾಣುವಿಗೆ ಸೋಂಕು ಹಬ್ಬಿಸುವ ಶಕ್ತಿ ಬರುತ್ತದೆ. ಸಾಧು ತಳಿಗಳನ್ನು ಕತ್ತರಿಸಬಲ್ಲ ಕಿಣ್ವಗಳು ಇರುವುದು ಕರುಳಿನಲ್ಲಿ ಮತ್ತು ಉಸಿರಾಟದ ಅಂಗಗಳಲ್ಲಿ ಮಾತ್ರ. ಆದ್ದರಿಂದ ಸೋಂಕೂ ಅಲ್ಲಿಗೇ ನಿಲ್ಲುತ್ತದೆ. ಆದರೆ ಎಚ್5 ಮತ್ತು ಎಚ್7 ಬಗೆಯ ವೈರಾಣುಗಳು ಕೋಳಿಗಳಲ್ಲಿ ಹಬ್ಬುವಾಗ ಆ ಜಾಗದಲ್ಲಿ ಕೆಲವು ಅಮೈನೊ ಆಮ್ಲಗಳು ಹೆಚ್ಚುವರಿಯಾಗಿ ಸೇರಿಕೊಳ್ಳುವುದುಂಟು. ಹಾಗಾದಾಗ ದೇಹದ ಬಹುತೇಕ ಎಲ್ಲ ಅಂಗಗಳಲ್ಲೂ ಇರುವ ಫ್ಯೂರಿನ್ ಎಂಬ ಕಿಣ್ವವೇ ಅದನ್ನು ಕತ್ತರಿಸುತ್ತದೆ. ಸೋಂಕು ರಕ್ತನಾಳ, ಹೃದಯ, ಮಿದುಳುಗಳಿಗೆ ನುಗ್ಗಿ ಇಡೀ ಹಿಂಡು ಕೆಲವೇ ದಿನಗಳಲ್ಲಿ ಮಲಗಿಬಿಡುತ್ತದೆ. ಕಾಡಿನಲ್ಲಿ ತನ್ನನ್ನು ಹೊತ್ತೊಯ್ಯುವ ಹಕ್ಕಿಯನ್ನೇ ಕೊಲ್ಲುವ ವೈರಾಣು ಹೆಚ್ಚು ದೂರ ಹೋಗಲಾರದು. ಒಂದೇ ಬಗೆಯ ಸಾವಿರಾರು ಕೋಳಿಗಳು ಒಂದೇ ಸೂರಿನಡಿ ಒತ್ತೊತ್ತಾಗಿರುವಲ್ಲಿ ಆ ಕಡಿವಾಣವಿಲ್ಲ. ಇದನ್ನು ವಲಸೆ ಹಕ್ಕಿಗಳು ಹೊತ್ತು ತಂದ ಕಾಯಿಲೆ ಎನ್ನುವವರು ಅರ್ಧ ಕಥೆಯನ್ನಷ್ಟೇ ಹೇಳುತ್ತಾರೆ.

ಇಂದಿನ ಎಚ್5ಎನ್1 ವಂಶದ ಮೂಲಪುರುಷ ಸಿಕ್ಕಿದ್ದು 1996ರಲ್ಲಿ, ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದ ಸಾಕು ಹೆಬ್ಬಾತಿನಲ್ಲಿ. ಮರುವರ್ಷ ಹಾಂಗ್‌ಕಾಂಗ್‌ನಲ್ಲಿ 18 ಜನರಿಗೆ ಸೋಂಕು ತಗುಲಿ 6 ಮಂದಿ ತೀರಿಕೊಂಡರು. ಹಕ್ಕಿಯ ಎಚ್5ಎನ್1 ನೇರವಾಗಿ ಮನುಷ್ಯರಿಗೆ ದಾಟಿ ಜೀವ ತೆಗೆಯಬಲ್ಲದೆಂದು ಜಗತ್ತಿಗೆ ಗೊತ್ತಾದದ್ದು ಆಗ. ಅಲ್ಲಿನ ಆಡಳಿತ ಆ ವರ್ಷದ ಕೊನೆಯಲ್ಲಿ ಸುಮಾರು 15 ಲಕ್ಷ ಹಕ್ಕಿಗಳನ್ನು ಕೊಲ್ಲಿಸಿತು. ಆ ಕಿಡಿ ಆರಿತು, ವಂಶ ಮಾತ್ರ ಉಳಿಯಿತು. 2005ರಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಸಾವಿರಾರು ಸಂಖ್ಯೆಯಲ್ಲಿ ಸತ್ತವು. ಸಾಕುಕೋಳಿಗಳ ನಡುವೆ ಬೆಳೆದ ಮಾರಕ ತಳಿ ಕಾಡುಹಕ್ಕಿಗಳಿಗೆ ಮರಳಿ, ಅಲ್ಲಿಂದ ಏಷ್ಯಾ, ಯುರೋಪು, ಆಫ್ರಿಕಾಗಳಿಗೆ ಹರಡಿತು. 2013ರಲ್ಲಿ ಚೀನಾದಲ್ಲಿ ಕಂಡ ಎಚ್7ಎನ್9ರ ಸ್ವಭಾವವೇ ಬೇರೆ. ಅದು ಆರಂಭದಲ್ಲಿ ಕೋಳಿಗಳಿಗೆ ಏನೂ ಮಾಡದೆ ಮನುಷ್ಯರನ್ನು ಮಾತ್ರ ಕಾಡಿತು. 1500ಕ್ಕೂ ಹೆಚ್ಚು ಜನರಿಗೆ ತಗುಲಿ 600ಕ್ಕೂ ಹೆಚ್ಚು ಮಂದಿಯನ್ನು ಬಲಿ ತೆಗೆದುಕೊಂಡಿತು. ಕೋಳಿ ಸಾಯುವುದನ್ನೇ ಎಚ್ಚರಿಕೆಯ ಗಂಟೆಯೆಂದು ನಂಬಿದ್ದವರಿಗೆ ಅಲ್ಲಿ ಗಂಟೆಯೇ ಕೇಳಿಸಲಿಲ್ಲ. ಚೀನಾ 2017ರಲ್ಲಿ ಕೋಳಿಗಳಿಗೆ ವ್ಯಾಪಕವಾಗಿ ಲಸಿಕೆ ಹಾಕಿಸಿದ ಮೇಲೆ ಮನುಷ್ಯರ ಪ್ರಕರಣಗಳು ಬಹುತೇಕ ನಿಂತವು.

2020ರ ಸುಮಾರಿಗೆ ಎಚ್5ಎನ್1ರ 2.3.4.4ಬಿ ಎಂಬ ಶಾಖೆ ಮೇಲುಗೈ ಪಡೆದ ಮೇಲೆ ಚಿತ್ರ ಮತ್ತೆ ಬದಲಾಯಿತು. ಅದು ಅಟ್ಲಾಂಟಿಕ್ ದಾಟಿ 2021ರ ಕೊನೆಗೆ ಉತ್ತರ ಅಮೆರಿಕವನ್ನೂ ಮರುವರ್ಷ ದಕ್ಷಿಣ ಅಮೆರಿಕವನ್ನೂ ಮುಟ್ಟಿತು. ಪೆರು ಮತ್ತು ಚಿಲಿಯ ತೀರಗಳಲ್ಲಿ ಕಡಲಸಿಂಹಗಳು ಸಾವಿರಗಟ್ಟಲೆ ಸತ್ತವು. 2023ರಲ್ಲಿ ಅರ್ಜೆಂಟೀನಾದ ವಾಲ್ಡೆಸ್ ಪರ್ಯಾಯದ್ವೀಪದಲ್ಲಿ ಆ ಋತುವಿನಲ್ಲಿ ಹುಟ್ಟಿದ ಆನೆಸೀಲ್ ಮರಿಗಳಲ್ಲಿ ಬಹುತೇಕ ಎಲ್ಲವೂ ಅಳಿದವು. ಅದಕ್ಕೂ ಮೊದಲು, 2022ರಲ್ಲಿ, ತುಪ್ಪಳಕ್ಕಾಗಿ ಸಾಕುವ ಮಿಂಕ್ ಎಂಬ ಸಣ್ಣ ಸಸ್ತನಿಯ ಸ್ಪೇನಿನ ಸಾಕಣೆ ಕೇಂದ್ರವೊಂದರಲ್ಲಿ ಸೋಂಕು ಹರಡಿದ ರೀತಿ ನೋಡಿದರೆ ಸಸ್ತನಿಯಿಂದ ಸಸ್ತನಿಗೆ ದಾಟಿರುವ ಸಾಧ್ಯತೆಯೇ ಹೆಚ್ಚಾಗಿತ್ತು.

ಆದರೂ ಹಸು ಯಾರ ಊಹೆಯಲ್ಲೂ ಇರಲಿಲ್ಲ. 2024ರ ಮಾರ್ಚಿನಲ್ಲಿ ಅಮೆರಿಕದ ಟೆಕ್ಸಾಸ್ ಮತ್ತು ಕಾನ್ಸಾಸ್‌ಗಳ ಹೈನುಗಾರಿಕೆ ಕೇಂದ್ರಗಳಲ್ಲಿ ಮೇವು ಬಿಟ್ಟ ಹಸುಗಳ ಹಾಲು ಗಿಣ್ಣಿನಂತೆ ದಪ್ಪಗಾಗಿ ಹಳದಿಗೆ ತಿರುಗಿತ್ತು, ಪರೀಕ್ಷಿಸಿದರೆ ಎಚ್5ಎನ್1. ವೈರಾಣು ಬೀಡುಬಿಟ್ಟಿದ್ದು ಶ್ವಾಸಕೋಶದಲ್ಲಲ್ಲ, ಕೆಚ್ಚಲಿನಲ್ಲಿ. ಹಾಲು ಕರೆಯುವ ಯಂತ್ರಗಳು ಅದನ್ನು ಹಸುವಿನಿಂದ ಹಸುವಿಗೆ ದಾಟಿಸುತ್ತಿದ್ದವೆಂದು ತಿಳಿಯಲಾಗಿದೆ. ಹಸಿ ಹಾಲು ಕುಡಿದ ಬೆಕ್ಕುಗಳು ಸತ್ತವು. ಹಾಲನ್ನು ಬಿಸಿಮಾಡಿ ರೋಗಾಣುಗಳನ್ನು ಕೊಲ್ಲುವ ಪಾಶ್ಚರೀಕರಣ ಈ ವೈರಾಣುವನ್ನು ನಾಶಮಾಡುತ್ತದೆ; ಹಸಿ ಹಾಲಿನ ಪರವಾಗಿ ವಾದಿಸುವವರಿಗೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿಲ್ಲ. ಸೋಂಕು ತಗುಲಿದ ಕೆಲಸಗಾರರಲ್ಲಿ ಹೆಚ್ಚಿನವರಿಗೆ ಬಂದದ್ದು ಕಣ್ಣು ಕೆಂಪಾಗುವ ಸೌಮ್ಯ ಕಾಯಿಲೆ. ಆದರೆ 2025ರ ಜನವರಿಯಲ್ಲಿ ಲೂಸಿಯಾನಾದಲ್ಲಿ ಹಿತ್ತಿಲ ಕೋಳಿಗಳ ಮತ್ತು ಕಾಡುಹಕ್ಕಿಗಳ ಸಂಪರ್ಕಕ್ಕೆ ಬಂದಿದ್ದ ಒಬ್ಬರು ಇದೇ ವಂಶದ ಇನ್ನೊಂದು ತಳಿಯಿಂದ ತೀರಿಕೊಂಡರು.

ಇಷ್ಟೆಲ್ಲ ಆದರೂ ಮನುಷ್ಯರಿಂದ ಮನುಷ್ಯರಿಗೆ ಇದು ಸಲೀಸಾಗಿ ಹರಡುತ್ತಿಲ್ಲ. ಹಕ್ಕಿಯ ವೈರಾಣು ಅಂಟಿಕೊಳ್ಳುವ ಬಗೆಯ ಸಕ್ಕರೆ ಅಣುಗಳು ನಮ್ಮ ಶ್ವಾಸಕೋಶದ ಆಳದಲ್ಲೂ ಕಣ್ಣಿನ ಪೊರೆಯಲ್ಲೂ ಇವೆ. ಮೂಗು ಗಂಟಲುಗಳಲ್ಲಿ ಹೆಚ್ಚಾಗಿರುವವು ಬೇರೆ ಬಗೆಯವು. ಆದ್ದರಿಂದಲೇ ಆಳಕ್ಕಿಳಿದ ಸೋಂಕು ತೀವ್ರವಾಗುತ್ತದೆ, ಆದರೆ ಕೆಮ್ಮು ಸೀನುಗಳಲ್ಲಿ ಸುಲಭವಾಗಿ ಹೊರಬೀಳುವುದಿಲ್ಲ. ಹಕ್ಕಿಯ ಮೈ ನಮ್ಮದಕ್ಕಿಂತ ಬಿಸಿ. ನಮ್ಮ ಮೂಗಿನ ತಂಪಿನಲ್ಲಿ ವೈರಾಣುವಿನ ನಕಲು ಕಿಣ್ವ ಚುರುಕಾಗಿ ಕೆಲಸ ಮಾಡಲು ಆ ಕಿಣ್ವದ ಭಾಗವಾದ ಪಿಬಿ2 ಎಂಬ ಪ್ರೋಟೀನಿನಲ್ಲಿ ಬದಲಾವಣೆಯಾಗಬೇಕು. ಈ ಬದಲಾವಣೆ ಸಸ್ತನಿಗಳಲ್ಲಿ ಪದೇ ಪದೇ ಕಾಣಿಸಿಕೊಂಡಿದೆ. ಹಿಮಾಗ್ಲುಟಿನಿನ್ ಇನ್ನೂ ಮುಖ್ಯವಾಗಿ ಹಕ್ಕಿಯ ಸಕ್ಕರೆಯನ್ನೇ ಹುಡುಕುತ್ತಿದೆ. ನೆದರ್ಲೆಂಡ್ಸ್‌ನ ರಾನ್ ಫೌಶಿಯೆ ಮತ್ತು ಅಮೆರಿಕದಲ್ಲಿದ್ದ ಯೋಶಿಹಿರೊ ಕವಾವೊಕ ಅವರ ತಂಡಗಳು 2012ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಬೆರಳೆಣಿಕೆಯ ಬದಲಾವಣೆಗಳಿಂದಲೇ ಎಚ್5 ವೈರಾಣು, ಫ್ಲೂ ಪ್ರಯೋಗಗಳಲ್ಲಿ ಮನುಷ್ಯರ ಬದಲಿಗೆ ಬಳಸುವ ಫೆರೆಟ್ ಪ್ರಾಣಿಗಳ ನಡುವೆ ಗಾಳಿಯ ಮೂಲಕ ಹರಡಬಲ್ಲದೆಂದು ತೋರಿತು. ಅಂಥ ವೈರಾಣುವನ್ನು ಪ್ರಯೋಗಾಲಯದಲ್ಲಿ ಸೃಷ್ಟಿಸಬೇಕಿತ್ತೇ ಎಂಬ ಜಗಳ ಇನ್ನೂ ಮುಗಿದಿಲ್ಲ.

2003ರಿಂದ ಈಚೆಗೆ ವಿಶ್ವ ಆರೋಗ್ಯ ಸಂಸ್ಥೆಗೆ ವರದಿಯಾದ 900ಕ್ಕೂ ಹೆಚ್ಚು ಎಚ್5ಎನ್1 ಪ್ರಕರಣಗಳಲ್ಲಿ ಸುಮಾರು ಅರ್ಧದಷ್ಟು ಜನ ಸತ್ತಿದ್ದಾರೆ. ಆಸ್ಪತ್ರೆ ಸೇರದ ಸೌಮ್ಯ ಸೋಂಕುಗಳು ಲೆಕ್ಕಕ್ಕೆ ಸಿಗದಿರುವುದರಿಂದ ನಿಜವಾದ ಪ್ರಮಾಣ ಇದಕ್ಕಿಂತ ಕಡಿಮೆಯಿರಬೇಕು. ಹಾಗೆಂದು ಅದು ಸಾಮಾನ್ಯ ಫ್ಲೂನಷ್ಟೇ ಎಂದು ತಿಳಿಯಲು ಆಧಾರವಿಲ್ಲ. ಇಲ್ಲೊಂದು ಕುತೂಹಲದ ಸಂಗತಿಯಿದೆ. ಬಾಲ್ಯದಲ್ಲಿ ಮೊದಲು ತಗುಲಿದ ಫ್ಲೂ ನಮ್ಮ ರೋಗನಿರೋಧಕ ಶಕ್ತಿಯ ಮೇಲೆ ಅಚ್ಚೊತ್ತುತ್ತದೆ. 1968ಕ್ಕೆ ಮೊದಲು ಹುಟ್ಟಿದವರು ಎಚ್5ಗೆ ಹತ್ತಿರದ ಎಚ್1 ಅಥವಾ ಎಚ್2 ಬಗೆಗಳನ್ನು ಮೊದಲು ಕಂಡಿದ್ದರಿಂದ, ಅವರಿಗೆ ಎಚ್5ರ ತೀವ್ರ ಕಾಯಿಲೆಯಿಂದ ಸ್ವಲ್ಪ ರಕ್ಷಣೆಯಿದೆಯೆಂದು 2016ರ ಅಧ್ಯಯನವೊಂದು ತೋರಿಸಿತು.

ಕೋಳಿ ಮತ್ತು ಹಸುಗಳ ನಡುವೆ ಕೆಲಸ ಮಾಡುವವರಿಗೆ ಸಾಮಾನ್ಯ ಫ್ಲೂ ಲಸಿಕೆ ಕೊಡಬೇಕೆಂಬ ಸಲಹೆಯ ಹಿಂದೆ ಇರುವುದು ಎಂಟು ತುಂಡುಗಳ ಅದೇ ಲೆಕ್ಕಾಚಾರ: ಆ ಲಸಿಕೆ ಹಕ್ಕಿಜ್ವರವನ್ನು ತಡೆಯದು, ಆದರೆ ಎರಡು ವೈರಾಣುಗಳು ಒಂದೇ ಮೈಯಲ್ಲಿ ಸಂಧಿಸುವ ಅವಕಾಶವನ್ನು ತಗ್ಗಿಸುತ್ತದೆ. ಇನ್ನು ಮುಂದೆ ಹಕ್ಕಿಜ್ವರದ ಸುದ್ದಿ ಓದುವಾಗ ಒಟ್ಟು ಸಂಖ್ಯೆಗಿಂತ ಮೊದಲು ಸೋಂಕಿತರಿಗೆ ಹಕ್ಕಿಯ ಅಥವಾ ದನದ ಸಂಪರ್ಕವಿತ್ತೇ, ಒಂದೇ ಮನೆಯಲ್ಲಿ ಒಬ್ಬರ ಹಿಂದೆ ಒಬ್ಬರಿಗೆ ದಿನಗಳ ಅಂತರದಲ್ಲಿ ಬಂತೇ, ಹಕ್ಕಿಯ ಫ್ಲೂವೂ ಮನುಷ್ಯರ ಫ್ಲೂವೂ ಎರಡೂ ತಗುಲಬಲ್ಲ ಹಂದಿಗಳಲ್ಲಿ ಏನಾಗುತ್ತಿದೆ ಎಂಬುದನ್ನು ನೋಡಿ. 2024ರ ಅಕ್ಟೋಬರಿನಲ್ಲಿ ಅಮೆರಿಕದ ಆರಿಗನ್ ರಾಜ್ಯದಲ್ಲಿ, ಕೋಳಿಗಳ ಜೊತೆಗೆ ಸಾಕಿದ್ದ ಹಂದಿಗಳಲ್ಲಿ ಎಚ್5ಎನ್1 ಪತ್ತೆಯಾದಾಗ ವಿಜ್ಞಾನಿಗಳು ಕಿವಿ ನಿಮಿರಿಸಿದ್ದು ಇದೇ ಕಾರಣಕ್ಕೆ.

ನಮಸ್ಕಾರ.