ಉರುಳು ಬಿಡಿಸಿದ ಮೇಲೆ

ಕೇಳುಗರೆಲ್ಲರಿಗೂ ನಮಸ್ಕಾರ.

ಕಳೆದ ಕಕ್ಕಡದ, ಅಂದರೆ ಕೊಡಗಿನಲ್ಲಿ ಜುಲೈ-ಆಗಸ್ಟ್ ನಡುವೆ ಬರುವ ತಿಂಗಳ, ಮಳೆಯಲ್ಲಿ, ವಿರಾಜಪೇಟೆ ಕಡೆಯ ಕಾಫಿ ತೋಟವೊಂದರಿಂದ, ಗೋಣಿಚೀಲದ ಮೇಲೆ ಮಲಗಿಸಿದ ಒಂದು ಹೆಣ್ಣುನಾಯಿಯನ್ನು ನಾನು ಸೇವೆ ಮಾಡುತ್ತಿರುವ ಪ್ರಾಣಿಗಳ ಆಶ್ರಯಧಾಮಕ್ಕೆ ಹೊತ್ತು ತಂದರು. ಕಾಡುಹಂದಿಗೆಂದು ಯಾರೋ ಬೇಲಿಯ ಸಂದಿಯಲ್ಲಿ ಕಟ್ಟಿದ್ದ ಬೈಕಿನ ಕ್ಲಚ್ ತಂತಿಯ ಉರುಳು ಅದರ ಸೊಂಟವನ್ನು ಬಿಗಿದಿತ್ತು. ತಂತಿಯನ್ನು ಅಲ್ಲಿಯೇ ಕತ್ತರಿಸಿದ್ದರು. ರಕ್ತ ಹೆಚ್ಚು ಹೋಗಿರಲಿಲ್ಲ. ಕೂದಲನ್ನು ಸರಿಸಿ ನೋಡಿದರೆ ದಾರದಷ್ಟು ಸಣ್ಣದೊಂದು ಗೆರೆ ಮಾತ್ರ ಕಾಣುತ್ತಿತ್ತು. "ಮದ್ದು ಹಚ್ಚಿ ಬಿಟ್ಟುಬಿಡಬಹುದಲ್ಲವೇ?" ಎಂದು ತಂದವರು ಕೇಳಿದರು.

ಬಿಡಬಾರದು ಎಂದು ಹೇಳುವುದಕ್ಕಾಗಿಯೇ ನಾನು ಈ ಹೊತ್ತು ನಿಮ್ಮ ಮುಂದೆ ಬಂದಿದ್ದೇನೆ. ಉರುಳು ಬಿಗಿದಷ್ಟು ಹೊತ್ತು ಆ ಭಾಗದ ಚರ್ಮಕ್ಕೂ ಮಾಂಸಕ್ಕೂ ರಕ್ತ ಹರಿಯುವುದಿಲ್ಲ. ಹಾಗೆ ಸತ್ತ ಮಾಂಸ ಅಂದೇ ಕಾಣಿಸಿಕೊಳ್ಳದೆ, ಕೆಲವು ದಿನಗಳು ಕಳೆದ ಮೇಲೆ ಕಪ್ಪಾಗಿ ಬಿರಿಯುತ್ತದೆ. ಈ ನಾಯಿಗೂ ನಾಲ್ಕನೆಯ ದಿನ ಆ ಸಣ್ಣ ಗೆರೆಯ ಜಾಗದಲ್ಲಿ ಅಂಗೈಯಗಲದ ಗಾಯ ತೆರೆದುಕೊಂಡಿತು. ನಮ್ಮ ಮಳೆಗಾಲದಲ್ಲಿ ಅಂಥ ಗಾಯಕ್ಕೆ ನೊಣ ಕೂತು ಹುಳು ಬೀಳಲು ಹೆಚ್ಚು ಹೊತ್ತು ಬೇಕಿಲ್ಲ. ಅಂದೇ ಬಿಟ್ಟಿದ್ದರೆ ಅದು ಯಾವುದೋ ಕಾಫಿ ಗಿಡದ ಬುಡದಲ್ಲಿ ನರಳಿ ಸಾಯುತ್ತಿತ್ತು. ಪಶುವೈದ್ಯರು ಸತ್ತ ಮಾಂಸವನ್ನು ತೆಗೆದು, ಒಳಗೆ ಕೀವು ಕಟ್ಟಬಾರದೆಂದು ಹೊಲಿಗೆ ಹಾಕದೆ, ದಿನವೂ ಸಲೈನಿನಿಂದ ತೊಳೆದು ಪಟ್ಟಿ ಕಟ್ಟಿದರು. ಗಾಯ ಮಾಯಲು ಏಳು ವಾರ ಹಿಡಿಯಿತು.

ಆದ್ದರಿಂದ ಉರುಳಿಗೆ ಸಿಕ್ಕ ನಾಯಿಯನ್ನು ಕಂಡರೆ ತಂತಿಯನ್ನು ಗೂಟದ ಕಡೆ ಕತ್ತರಿಸಿ, ಮಾಂಸದೊಳಗೆ ಹೂತಿರುವುದನ್ನು ಎಳೆಯದೆ, ವೈದ್ಯರ ಬಳಿ ಒಯ್ಯಿರಿ. ಕನಿಷ್ಠ ಒಂದು ವಾರ ಕಣ್ಣೆದುರಿಗೆ ಇಟ್ಟುಕೊಳ್ಳಿ. ನೋವಿಗೆಂದು ಮನೆಯಲ್ಲಿರುವ ಐಬುಪ್ರೊಫೇನ್ ಮಾತ್ರೆಯನ್ನು ನುಂಗಿಸಲೇಬೇಡಿ, ಅದು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನು ಕೆಡಿಸುತ್ತದೆ. ನೋವಿನಲ್ಲಿರುವ ನಾಯಿ ಸಾಕಿದವರನ್ನೂ ಕಚ್ಚೀತು. ಕಚ್ಚಿದರೆ ಅಥವಾ ಪರಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಹಾಕಿಸಿಕೊಳ್ಳಬೇಕು.

ಗಾಯ ಮಾಯ್ದರೂ ಭಯ ಮಾಯ್ದಿರಲಿಲ್ಲ. ಗೇಟಿನ ಸರಪಳಿ ಝಣ್ ಎಂದರೆ ಸಾಕು, ನಾಯಿ ಮೂಲೆಗೆ ಸರಿದು ಮೂತ್ರ ಮಾಡಿಕೊಳ್ಳುತ್ತಿತ್ತು. ಸರಪಳಿಯನ್ನು ತೆಗೆದು ಹಗ್ಗ ಕಟ್ಟಿದೆವು. ಯಾರಾದರೂ ನೋಡುತ್ತಿದ್ದರೆ ಅನ್ನ ಮುಟ್ಟುತ್ತಿರಲಿಲ್ಲ. ನಮ್ಮಲ್ಲಿ ಅಡುಗೆ ಮಾಡುವ ಅಕ್ಕ ಮಾತ್ರ, ಯಾರೂ ಹೇಳಿಕೊಡದೆಯೇ, ದಿನವೂ ಅದರ ಗೂಡಿನ ಬಾಗಿಲಲ್ಲಿ ಬೆನ್ನು ತಿರುಗಿಸಿ ಕೂತು ತಮ್ಮ ಅಕ್ಕಿ ರೊಟ್ಟಿ ತಿನ್ನುತ್ತಿದ್ದರು. ಕರೆಯುತ್ತಿರಲಿಲ್ಲ, ಕೈ ಚಾಚುತ್ತಲೂ ಇರಲಿಲ್ಲ. ಹಾಗೆ ಕೂರತೊಡಗಿದ ಹತ್ತೊಂಬತ್ತನೆಯ ದಿನ ಅದು ಮೆಲ್ಲನೆ ಬಂದು ಅವರ ಪಾದದ ಮೇಲೆ ಗದ್ದ ಊರಿತು. ಅವರು ಆಗಲೂ ತಿರುಗಿ ನೋಡಲಿಲ್ಲ. ಅವರ ಕಣ್ಣಲ್ಲಿ ನೀರು ಬಂದಿದ್ದನ್ನು ನಾನು ಕಂಡೆ.

ಲಸಿಕೆ ಹಾಕಿಸಿ, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದ ಮೇಲೆ ಅವರೇ ಅದನ್ನು ಮನೆಗೆ ಕರೆದೊಯ್ದರು. ತೋಟದ ಬೇಲಿಗಳಲ್ಲಿ ಉರುಳುಗಳು ಇನ್ನೂ ಇವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅವು ಅಪರಾಧ ಎಂದು ತಿಳಿದೂ ಕಟ್ಟುವವರಿದ್ದಾರೆ. ನಿಮ್ಮ ಬೇಲಿಯನ್ನು ಈ ವಾರ ಒಮ್ಮೆ ಸುತ್ತಿ ನೋಡಿ. ಆ ನಾಯಿ ಈಗಲೂ ಬೇಲಿಯ ಸಂದಿ ಬಂದರೆ ನಿಲ್ಲುತ್ತದೆ, ಅಕ್ಕ ದಾಟಿದ ಮೇಲೆಯೇ ದಾಟುತ್ತದೆ.

ನಮಸ್ಕಾರ.